ಬಾಡಿಗೆ ಕಂಪ್ಯೂಟರಿಗೆ ಬಂದ ಕಳ್ಳ

ಆರಿಸುವ ವಿಷಯದಲ್ಲಿ ಈ ಸಾತಪ್ಪನನ್ನು ಮೀರಿಸುವವರು ದಾಂಡೇಲಿಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ನಂಬಿದ್ದ ಕಾಲವದು. ಸಂತೆಯಲ್ಲಿ ಕಲ್ಲಂಗಡಿಯನ್ನು ಬೆರಳಿನಿಂದ ತಟ್ಟಿ ಒಳಗಿನ ಬಣ್ಣ ಹೇಳುವವನು ನಾನು! ಕೊಯ್ದಾಗ ಬೆಳ್ಳಗಿದ್ದರೆ ಅದು ಕಲ್ಲಂಗಡಿಯ ತಪ್ಪು. ಹೀಗಿರುವಾಗ ಕಂಪ್ಯೂಟರ್ ಬಾಡಿಗೆಗೆ ಕೊಡುವ ಒಂದು ಕಂಪನಿಯನ್ನು ಆರಿಸುವುದು ಯಾವ ಮಹಾ ಕೆಲಸ?

ಊರಿನ ಕಾಗದದ ಮಿಲ್ಲಿನ ಪಕ್ಕದ ಬಂಗೂರನಗರದಲ್ಲಿ, ಮನೆಯ ಮುಂಭಾಗದಲ್ಲೇ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಮದುವೆಗಳಿಗೆ ಹೋಗಿ ಫೋಟೋ ತೆಗೆಯುವವನು ನಾನು. ಅವುಗಳನ್ನು ಆಲ್ಬಮ್ಮಿನಲ್ಲಿ ಕೂರಿಸಿ, ಮದುಮಕ್ಕಳು ತಮಗೇ ಗುರುತು ಸಿಗದಷ್ಟು ಚಂದ ಕಾಣುವಂತೆ ಮಾಡುವವಳು ಹೆಂಡತಿ ರೂಪಾಲಿ. ನಮ್ಮ ಕಂಪ್ಯೂಟರಿಗೆ ಮುಪ್ಪು ಬಂದಿತ್ತು. ಅದು ಮದುವೆಯ ಒಂದು ಫೋಟೋ ತೆರೆಯುವಷ್ಟರಲ್ಲಿ ಆ ದಂಪತಿಗಳ ಮಗುವಿನ ನಾಮಕರಣಕ್ಕೆ ನಮಗೆ ಕರೆ ಬರುತ್ತಿತ್ತು!

ದೂರದ ಊರಿನಲ್ಲಿ ಬಲಾಢ್ಯ ಕಂಪ್ಯೂಟರುಗಳನ್ನು ಇಟ್ಟುಕೊಂಡು ಬಾಡಿಗೆಗೆ ಕೊಡುವ ಕಂಪನಿಗಳಿವೆ, ಇಂಟರ್ನೆಟ್ ಇದ್ದರೆ ಅವುಗಳನ್ನು ನಮ್ಮ ಹಳೆಯ ಪರದೆಯ ಮೇಲೇ ಓಡಿಸಬಹುದು ಎಂದು ಎಲ್ಲೋ ಓದಿದೆ. ಓದಿದ್ದೇ ತಡ, ಮನೆಯಲ್ಲಿ ಘೋಷಣೆ ಹೊರಡಿಸಿದೆ.

"ಸರ್ವರ್ ಮುಂಬೈದಾಗ ಇರತೈತಿ. ನಾವು ಇಲ್ಲಿ ಕುಂತು ಕೆಲಸ ಮಾಡೂದು!"

"ಚಹಾ ಅಂಗಡಿ ಸರ್ವರ್ ಎದುರಿಗೆ ಇದ್ರೂ ಕರದಾಗ ಬರೂದಿಲ್ಲ. ಮುಂಬೈದವ ಬರ್ತಾನೇನ್ರೀ?" ಎಂದಳು ರೂಪಾಲಿ.

ನಾನು ಅಜ್ಞಾನವನ್ನು ಕ್ಷಮಿಸುವ ನಗೆ ನಕ್ಕೆ. ಅವಳು ಬಿಡಲಿಲ್ಲ. "ಅಹೋ, ಅದರ ಮ್ಯಾಲ ಇಬ್ರೂ ಕೂಡೇ ಕೆಲಸ ಮಾಡಬಹುದೇನು? ಕೆಟ್ಟು ನಿಂತ್ರ ಯಾರಿಗೆ ಫೋನ್ ಮಾಡೂದು? ಇಷ್ಟು ಕೇಳಿ ತಗೋರಿ."

"ಎಲ್ಲಾ ನೋಡ್ತೇನಿ, ನೀ ಸುಮ್ನಿರು!"

ನೋಡಿದೆ. ಏನು ನೋಡಿದೆ ಎಂದು ಈಗ ಕೇಳಬೇಡಿ. ಒಂದು ಕಂಪನಿಯವರು ಮುಖಕ್ಕೆ ಹೊಡೆದಂತೆ ಗ್ರಾಫಿಕ್ಸ್ ಕಾರ್ಡಿನ ವಿವರವನ್ನೆಲ್ಲ ಬರೆದಿದ್ದರು, ಓದಿ ತಲೆ ತಿರುಗಿತು. ಇನ್ನೊಬ್ಬರು ಫೋನ್ ನಂಬರ್ ಕೊಟ್ಟಿದ್ದರು. ನಂಬರ್ ಕೊಡುವವರ ಮಾಲು ಪದೇ ಪದೇ ಕೆಡುತ್ತಿರಬೇಕು ಎಂದು ನನ್ನ ಬುದ್ಧಿ ತರ್ಕಿಸಿತು. ಮೂರನೆಯವರ ಪುಟದಲ್ಲಿ ಮೋಡದ ಮೇಲೆ ಒಂದು ಕಂಪ್ಯೂಟರ್ ಕಾಲು ಚಾಚಿ ನಗುತ್ತಾ ಕುಳಿತಿತ್ತು. ಅಗ್ಗವೂ ಆಗಿತ್ತು. ಬೆರಳಿನಿಂದ ಪರದೆಯನ್ನು ಒಮ್ಮೆ ತಟ್ಟಿದೆ. ಇದೇ ಸರಿ ಎಂದಿತು ಅಂತರಾತ್ಮ!

ಶುರುವಿನಲ್ಲಿ ಎಲ್ಲ ಸುಸೂತ್ರವಾಗಿತ್ತು. ಫೋಟೋಗಳು ತಟ್ಟನೆ ತೆರೆಯುತ್ತಿದ್ದವು. ರೂಪಾಲಿಯೂ "ಪರವಾಗಿಲ್ರೀ" ಎಂದುಬಿಟ್ಟಳು. ಆ ಮಾತು ಅವಳ ಬಾಯಿಂದ ಬರುವುದೆಂದರೆ ಸರ್ಕಾರಿ ಪ್ರಶಸ್ತಿಗೆ ಸಮ.

ಆ ಹೊತ್ತಿಗೆ ನಮ್ಮ ಕೈಯಲ್ಲಿದ್ದದ್ದು ಹಾರ್ಡ್‌ವೇರ್ ಅಂಗಡಿಯ ಅಬ್ದುಲ್ ರಜಾಕ ಸಾಹೇಬರ ಮಗಳು ನಸ್ರೀನಳ ನಿಕಾಹ್ ಆಲ್ಬಮ್. ತವರಿಗೆ ಬಂದಿದ್ದ ಹುಡುಗಿ ರವಿವಾರ ಗಂಡನ ಜೊತೆ ಮಡಗಾಂವಕ್ಕೆ ಹೊರಡುವವಳಿದ್ದಳು.

"ಸಾತಪ್ಪ ಭಾಯ್, ಆಲ್ಬಮ್ ಕೈಯಾಗ ಹಿಡಕೊಂಡ ಹೋಗ್ತೇನಿ ಅಂತ ಕುಂತಾಳ್ರಿ ಹುಡುಗಿ. ಬೀಗರ ಮುಂದ ನನ್ನ ಮರ್ಯಾದಿ ನಿಮ್ಮ ಕೈಯಾಗ ಐತಿ," ಎಂದು ಸಾಹೇಬರು ಹೇಳಿ ಹೋಗಿದ್ದರು. ಗುರುವಾರ ಸಂಜೆಯೊಳಗೆ ಪುಟಗಳು ಹುಬ್ಬಳ್ಳಿಯ ಪ್ರಿಂಟಿಂಗ್ ಲ್ಯಾಬಿಗೆ ಹೋದರೆ ಮಾತ್ರ ಶನಿವಾರದ ಬಸ್ಸಿಗೆ ಆಲ್ಬಮ್ ಬರುತ್ತಿತ್ತು.

ಬುಧವಾರ ಹಳಿಯಾಳದಿಂದ ಫೋನ್ ಬಂತು. ಅತ್ತೆಯವರಿಗೆ ಮಂಡಿನೋವು ಹೆಚ್ಚಾಗಿತ್ತು.

"ನೀ ತವರಮನಿಗೆ ಹೋಗು. ಆಲ್ಬಮ್ ಬಹಳಷ್ಟು ಮುಗದೈತಿ. ನಾ ನಾಳೆ ಉಳವಿ ಗುಡಿಯಾಗ ಕೂಸಿನ ತಲಿಕೂದಲ ತಗಿಯೂ ಜಾವಳದ ಫೋಟೋ ತಗದು, ಮಧ್ಯಾಹ್ನದೊಳಗ ಬಂದು ಉಳಿದದ್ದು ಮಾಡಿ ಕಳಸ್ತೇನಿ," ಎಂದೆ.

ರೂಪಾಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀವು? ಆಲ್ಬಮ್?"

"ಯಾಕ, ನನಗ ಕೈ ಇಲ್ಲೇನು?"

ಅವಳು ಸಂಜೆಯ ಬಸ್ಸಿಗೆ ಹಳಿಯಾಳಕ್ಕೆ ಹೋದಳು. ಗುರುವಾರ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೇರಿಸುವಷ್ಟರಲ್ಲಿ ಉಳವಿಯ ಕಾರ್ಯಕ್ರಮ ಮುಂದಕ್ಕೆ ಹೋಯಿತು, ಮಗುವಿಗೆ ಜ್ವರ. ಒಳ್ಳೆಯದೇ ಆಯಿತು! ಇಡೀ ದಿನ ಕೈಗೆ ಸಿಕ್ಕಿತು. ಹೆಂಡತಿ ಮೂಗಿನ ಮೇಲೆ ಬೆರಳಿಡುವಂಥ ಆಲ್ಬಮ್ ಮಾಡುತ್ತೇನೆಂದು ಬಾಡಿಗೆ ಕಂಪ್ಯೂಟರಿನೊಳಗೆ ಕಾಲಿಟ್ಟೆ.

ಮೊದಲ ಪುಟಕ್ಕೆ ಮೆಹಂದಿ ಕೈಯ ಫೋಟೋ ದೊಡ್ಡದಾಗಿ ಇಟ್ಟೆ. ಎದ್ದು ನೀರು ಕುಡಿದು ಬಂದು ನೋಡಿದರೆ ನಾನು ಹೊರಗೆ! "ಬೇರೆ ಯಾರೋ ಒಳಗೆ ಬಂದಿರುವುದರಿಂದ ನಿಮ್ಮ ಸಂಪರ್ಕ ಕಡಿದಿದೆ" ಎಂಬರ್ಥದ ಇಂಗ್ಲಿಷ್ ಸಾಲು ಪರದೆಯ ಮೇಲೆ ನಿಂತಿತ್ತು. ಮತ್ತೆ ಒಳಹೊಕ್ಕೆ. ಮೆಹಂದಿ ಕೈ ಮಾಯ! ಆ ಜಾಗದಲ್ಲಿ ನಸ್ರೀನಳ ಚಾಚಿ, ದೊಡ್ಡಮ್ಮ ಎಲ್ಲ ಸಾಲಾಗಿ ನಿಂತಿದ್ದರು. ಅವರನ್ನು ತೆಗೆದು ಮೆಹಂದಿ ಇಟ್ಟೆ. ಮತ್ತೆ ಹೊರಗೆ! ಮತ್ತೆ ಒಳಗೆ ಹೋದರೆ ಚಾಚಿಯರು ವಾಪಸ್ಸು!

ಕಳ್ಳ! ಅದೂ ಎಂಥ ಕಳ್ಳ? ಕದಿಯದೆ ಆಲ್ಬಮ್ ಕೆಲಸ ಮಾಡುವ ಕಳ್ಳ!

ಪರದೆಯ ಮೇಲೆ ಒಂದು ಖಾಲಿ ಪುಟ ತೆರೆದು ನನ್ನ ಇಂಗ್ಲಿಷಿನಲ್ಲಿ ಬರೆದೆ: "ಹೂ ಆರ್ ಯೂ? ಗೋ ಔಟ್!" ಕೂಡಲೇ ನನ್ನನ್ನು ಹೊರದಬ್ಬಲಾಯಿತು. ಮತ್ತೆ ಹೊಕ್ಕಾಗ ಕೆಳಗೆ ಉತ್ತರವಿತ್ತು: "ಯೂ ಗೋ! ದಿಸ್ ಮೈ ಕಂಪ್ಯೂಟರ್!"

ಏನು ಧೈರ್ಯ! ಬಾಡಿಗೆ ಕಟ್ಟುವವನು ನಾನು, ಒಡೆಯ ಇವನು! ರೂಪಾಲಿಗೆ ಹೇಳೋಣವೆಂದು ಫೋನ್ ಎತ್ತಿಕೊಂಡೆ. ಆದರೆ ನಾನು ಆರಿಸಿದ ಕಂಪನಿಗೇ ಕಳ್ಳ ನುಗ್ಗಿದ್ದಾನೆಂದು ಯಾವ ಬಾಯಿಂದ ಹೇಳಲಿ? ಬರೀ ಕುಶಲ ಕೇಳಿದೆ.

"ಏನ್ ಮಾಡಾಕತ್ತಿ?"

"ನಾನಾ? ಹೋಳಿಗಿ... ಹೋಳಿಗಿ ಮಾಡಾಕತ್ತೇನ್ರೀ. ನೀವು ಉಳವಿ ಮುಟ್ಟಿದ್ರಿ?"

"ಓಹೋ, ಗುಡಿಯಾಗ ನಿಂತೇನಿ!" ಅಷ್ಟರಲ್ಲಿ ಕಾಗದದ ಮಿಲ್ಲಿನ ಭೋಂಗಾ ಕಿವಿ ಕಿತ್ತುಹೋಗುವಂತೆ ಕೂಗಿತು.

"ಏನ್ರೀ ಅದು ಸಪ್ಪಳ?"

"ಶಂಖ! ಪೂಜಿ ನಡದೈತಿ!"

"ಭಾಳ ದೊಡ್ಡ ಶಂಖ ಇರಬೇಕು ತಗೋರಿ," ಎಂದು ಫೋನ್ ಇಟ್ಟಳು.

ನಾನು ರಣರಂಗಕ್ಕೆ ಮರಳಿದೆ. "ಥೀಫ್! ಪೊಲೀಸ್ ಕಮಿಂಗ್! ಯುವರ್ ಮದರ್ ಟೀಚ್ ಯೂ ಸ್ಟೀಲಿಂಗ್?" ಎಂದು ಬ್ರಹ್ಮಾಸ್ತ್ರ ಬಿಟ್ಟೆ. ಹೊರಬಿದ್ದು ಒಳಹೊಕ್ಕಾಗ ಪ್ರತ್ಯಸ್ತ್ರ ಕಾದಿತ್ತು: "ಮೈ ಮದರ್ ಗುಡ್ ವುಮನ್. ಯುವರ್ ಫಾದರ್ ಥೀಫ್. ಯುವರ್ ಗ್ರ್ಯಾಂಡ್‌ಫಾದರ್ ಬಿಗ್ ಥೀಫ್. ಯೂ ಡಾಂಕಿ."

ನನ್ನ ಅಜ್ಜನಿಗೆ! ಬೆವರು ಒರೆಸಿಕೊಂಡು ಪಾಸ್‌ವರ್ಡ್ ಬದಲಿಸಿಬಿಟ್ಟೆ. ಈಗ ಬಾರೋ ಮಗನೇ ಎಂದು ಎಲ್ಲವನ್ನೂ ಮುಚ್ಚಿ, ಗೆದ್ದ ದೊರೆಯಂತೆ ಚಹಾ ಕುಡಿಯಲು ಹೋದೆ. ತಿರುಗಿ ಬಂದರೆ ಕಂಪ್ಯೂಟರ್ ನನ್ನನ್ನೂ ಒಳಗೆ ಬಿಡಲಿಲ್ಲ. ಯಾರೋ ಹೊರಗಿನಿಂದ ಹಳೆಯ ಪಾಸ್‌ವರ್ಡನ್ನು ಪದೇ ಪದೇ ಹೊಡೆದದ್ದಕ್ಕೆ ಖಾತೆಗೇ ಬೀಗ ಬಿದ್ದಿತ್ತು!

ರಜಾಕ ಸಾಹೇಬರ ಮರ್ಯಾದೆ, ಹುಡುಗಿಯ ಆಸೆ ಎರಡೂ ಮುಂಬೈಯ ಯಾವುದೋ ಕೋಣೆಯಲ್ಲಿ ಸೆರೆಯಾಗಿದ್ದವು. ಕಂಪನಿಗೆ ಫೋನ್ ಮಾಡೋಣವೆಂದರೆ ನಂಬರೇ ಇಲ್ಲ! ಮೋಡದ ಮೇಲೆ ನಗುತ್ತಿದ್ದ ಕಂಪ್ಯೂಟರಿನ ಕೆಳಗೆ 'ನಮಗೆ ಬರೆಯಿರಿ' ಎಂಬ ಕಿಂಡಿಯೊಂದೇ ಇತ್ತು. ಬರೆದೆ. ಬೇಡಿದೆ. ಬಹಳ ಹೊತ್ತಿನ ಮೇಲೆ ಯಾರೋ ಪುಣ್ಯಾತ್ಮರು ಉತ್ತರಿಸಿದರು.

"ಸರ್, ನಿಮ್ಮದು ಒಬ್ಬರ ಪ್ಲಾನ್. ಇನ್ನೊಬ್ಬರು ಬಂದರೆ ಮೊದಲಿದ್ದವರು ಹೊರಬೀಳುತ್ತಾರೆ. ಕಳ್ಳತನ ಏನೂ ಇಲ್ಲ. ಇನ್ನೊಬ್ಬರು ಬಂದ ಲ್ಯಾಪ್‌ಟಾಪಿನ ಹೆಸರು 'ಪರಸಪ್ಪ' ಎಂದಿದೆ. ನಿಮಗೆ ಗೊತ್ತಿರುವವರೇ? ಬೀಗ ತೆಗೆಯುತ್ತಿದ್ದೇವೆ."

ಪರಸಪ್ಪ! ಹಳಿಯಾಳದಲ್ಲಿರುವ ನನ್ನ ಹೆಂಡತಿಯ ಖಾಸಾ ತಮ್ಮ!

ಫೋನ್ ಮಾಡಿದೆ. "ರೂಪಾಲಿ, ಪರಸಪ್ಪನ ಲ್ಯಾಪ್‌ಟಾಪ್ ಯಾರ ಕೈಯಾಗ ಐತಿ?"

"...ಹೋಳಿಗಿ ಮಾಡಾಕತ್ತೇನ್ರೀ."

"ಹೋಳಿಗಿ ಬಿಡು! ಕಳ್ಳನೂ ಇಲ್ಲ, ಸುಳ್ಳನೂ ಇಲ್ಲ. ನಾ ಉಳವಿಗೆ ಹೋಗಿಲ್ಲ, ಮನ್ಯಾಗ ಕುಂತೇನಿ."

"ನಿಮ್ಮ ಕೈಯಾಗ ಆಲ್ಬಮ್ ಬಿಟ್ಟು ನನಗ ನಿದ್ದಿ ಹತ್ತಲಿಲ್ರೀ," ಎಂದಳು ಮೆಲ್ಲಗೆ. ಆಮೇಲೆ ಧ್ವನಿ ಏರಿಸಿ, "ಇಬ್ರೂ ಕೆಲಸ ಮಾಡಬಹುದೇನು ಅಂತ ಅವತ್ತ ಕೇಳಿದ್ನೋ ಇಲ್ಲೋ?"

ಕೇಳಿದ್ದಳು. ನಾನು ಹೊಸ ಪಾಸ್‌ವರ್ಡ್ ಹೇಳಿ, ಕುರ್ಚಿಯಿಂದ ಎದ್ದು, ಮೂಲೆಯಲ್ಲಿ ಕೈಕಟ್ಟಿ ನಿಂತೆ. ಹಳಿಯಾಳದಿಂದ ಅವಳು ಹೊತ್ತು ಮುಳುಗುವ ಮೊದಲೇ ಪುಟ ಮುಗಿಸಿ ಲ್ಯಾಬಿಗೆ ಕಳಿಸಿದಳು. ಶನಿವಾರ ಆಲ್ಬಮ್ ಬಂತು. ರಜಾಕ ಸಾಹೇಬರು ಮೊದಲ ಪುಟದಲ್ಲಿ ಸಾಲಾಗಿ ನಿಂತ ತಮ್ಮ ಮನೆಯ ಹೆಣ್ಣುಮಕ್ಕಳನ್ನು ನೋಡಿ, "ಮಾಶಾಅಲ್ಲಾಹ್! ಎಲ್ಲಾರೂ ಬಂದಾರ ನೋಡ್ರಿ," ಎಂದು ಕಣ್ಣೊರೆಸಿಕೊಂಡರು. ಮೆಹಂದಿ ಕೈ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ರವಿವಾರ ರೂಪಾಲಿ ವಾಪಸ್ಸು ಬಂದಳು. ಬಂದವಳೇ ಎರಡು ಕಂಪನಿಗಳಿಗೆ ಫೋನ್ ಹಚ್ಚಿ, ಕೇಳಬೇಕಾದ್ದನ್ನೆಲ್ಲ ಕೇಳಿ, ಇಬ್ಬರ ಪ್ಲಾನ್ ಒಂದನ್ನು ಆರಿಸಿದಳು. ನಾನು ಪಕ್ಕದಲ್ಲಿ ಕುಳಿತು ಚಹಾ ಕೊಟ್ಟೆ. ಆದರೆ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು.

"ಹೋಗ್ಲಿ ಬಿಡು, ಕಳ್ಳ ಅಂತ ತಿಳದು ಇಬ್ರೂ ಏನೇನೋ ಬರದ್ವಿ. ಅಪ್ಪ ಅಜ್ಜನ ಸುದ್ದೀನೂ ಬಂತು. ನಾ ಮನಸ್ಸಿನಾಗ ಇಟ್ಕೊಂಡಿಲ್ಲ. ಪಾಪ, ನಿನಗರೇ ಏನ್ ಗೊತ್ತಿತ್ತು, ಅದು ನಾನಂತ?" ಎಂದೆ ಉದಾರವಾಗಿ.

ರೂಪಾಲಿ ಚಹಾ ಗುಟುಕರಿಸಿ ಲೋಟ ಕೆಳಗಿಟ್ಟಳು.

"ಶಂಖ ಊದಿದಾಗನ ಗೊತ್ತಾತ್ರೀ. ಅಪ್ಪ ಅಜ್ಜನ ಸುದ್ದಿ ಆಮ್ಯಾಲ ಬರದದ್ದು."