ಲೊಟಕ್ ಅನ್ನುವ ಕಾರು

ಉಚ್ಚೆಂಗಪ್ಪನ ಕಾರು ಸದ್ದು ಮಾಡುವುದು ಹೊಸ ಸಂಗತಿಯೇನಲ್ಲ. ಅದರ ಬಾಗಿಲು ಕಿರ್ ಎನ್ನುತ್ತಿತ್ತು, ಬಾನೆಟ್ಟು ಗಡಗಡಿಸುತ್ತಿತ್ತು, ಏರು ಬಂದರೆ ಇಂಜಿನ್ನು ಚುಟ್ಟಾ ಸೇದುವ ಮುದುಕನಂತೆ ಕೆಮ್ಮುತ್ತಿತ್ತು. ಅವೆಲ್ಲ ಅವನಿಗೆ ಮನೆಮಂದಿಯ ದನಿಯಷ್ಟೇ ಪರಿಚಯ. ಆದರೆ ನಾಲ್ಕು ತಿಂಗಳಿಂದ ಹೊಸ ದನಿಯೊಂದು ಸೇರಿಕೊಂಡಿತ್ತು. ಕಾರು ಓಡತೊಡಗಿದರೆ ಸಾಕು, ಹಿಂದಿನಿಂದ, ಎಡಗಡೆಯಿಂದ, 'ಲೊಟಕ್ ಲೊಟಕ್ ಢಣ್!' ಅದರ ಜೊತೆಗೆ ಬೆನ್ನುಮೂಳೆಯವರೆಗೆ ಏರುವ ಒಂದು ನಡುಕ.

ದಾವಣಗೆರೆಯ ಹತ್ತಿ ಗಿರಣಿಯ ಗುಮಾಸ್ತ ಉಚ್ಚೆಂಗಪ್ಪನಿಗೆ ಕಾರು ಎಲ್ಲಿಂದ ಬಂತು ಎಂದರೆ, ಮ್ಯಾನೇಜರು ಮುಂಬಯಿಗೆ ಹೋಗುವಾಗ, "ಇದನ್ನ ರೈಲಿಗೆ ಹಾಕಿದ್ರೆ ರೈಲಿಗೇ ಅವಮಾನ" ಎಂದು ಅವನ ಕೈಗೆ ಕೀಲಿ ಕೊಟ್ಟು ಹೋಗಿದ್ದರು. ನಿಟ್ಟುವಳ್ಳಿಯ ಎತ್ತಿನ ಗಾಡಿಗಳ ನಡುವೆ ಅದೊಂದೇ ಕಾರು. ಹೆಮ್ಮೆಯೇನೋ ಇತ್ತು. ಆದರೆ ಬಸುರಿ ಮಗಳು ಕೊಟ್ರವ್ವನ ಕುಬುಸದ ಶಾಸ್ತ್ರಕ್ಕೆಂದು ಹರಿಹರಕ್ಕೆ ಹೋದ ದಿನ ಬೀಗಿತ್ತಿ ನಾಗಕ್ಕ ಆ ಹೆಮ್ಮೆಯ ಗಾಳಿ ಬಿಟ್ಟಿದ್ದಳು.

"ಬೀಗ್ರೆ, ಹುಡುಗಿನ ಕರ್ಕೊಂಡು ಹೋಗಾಕೆ ಈ ಡಬ್ಬಿ ತರಬ್ಯಾಡ್ರಿ. ಇದು ಊರು ದಾಟೋದ್ರೊಳಗೆ ಕೂಸು ಮಡಿಲಿಗೆ ಬಂದಿರ್ತೈತೆ. ಸಪ್ಪಳ ಇಲ್ದಂಗೆ ತಂದ್ರೆ ಕಳಿಸ್ತೀನಿ. ಇಲ್ಲಾಂದ್ರೆ ಬಾಣಂತನ ನಮ್ಮನ್ಯಾಗೇ."

ಚೊಚ್ಚಲ ಹೆರಿಗೆ ತವರಿನಲ್ಲಿ ಆಗದಿದ್ದರೆ ಹೆಂಡತಿ ರಂಗವ್ವನ ಗತಿಯೇನು? ಅವಳು ಆಗಲೇ ಕೋಣೆಗೆ ಸುಣ್ಣ ಬಳಿದಿದ್ದಳು. ಬೆಳ್ಳುಳ್ಳಿ, ಓಮ, ಅಂಟುಂಡೆಗೆ ಕೊಬ್ಬರಿ, ಎಲ್ಲ ಡಬ್ಬಿ ತುಂಬಿದ್ದವು. ಹಳೇ ಸೀರೆ ಹರಿದು ಕೂಸಿಗೆ ಹನ್ನೆರಡು ಬಟ್ಟೆ ಮಾಡಿ, ದಿನಾ ಒಮ್ಮೆ ತೆಗೆದು, ಮುಖಕ್ಕೆ ಒತ್ತಿ, ಮತ್ತೆ ಮಡಚಿಡುತ್ತಿದ್ದಳು.

ಕರೆತರುವ ದಿನ ಗುರುವಾರ ಎಂದು ಗೊತ್ತಾಯಿತು. ಒಂದೂವರೆಗೆ ರಾಹುಕಾಲ. ಅಷ್ಟರೊಳಗೆ ಹುಡುಗಿ ಗಂಡನ ಮನೆಯ ಹೊಸ್ತಿಲು ದಾಟಬೇಕು. ತಪ್ಪಿದರೆ ಮತ್ತೊಂದು ಒಳ್ಳೆಯ ದಿನ ಇಪ್ಪತ್ತು ದಿನದ ಮೇಲೆ.

ಬೆಳಿಗ್ಗೆ ಎಂಟಕ್ಕೆ ಕಾರು ಹೊರಟಿತು. ಓಣಿಯ ತಿರುವಿಗೆ ಬರುವಷ್ಟರಲ್ಲಿ 'ಲೊಟಕ್ ಢಣ್' ಕೇಳಿ ಪಕ್ಕದ ಮನೆಯ ಜಂಬಯ್ಯ ಹಲ್ಲುಜ್ಜುತ್ತಲೇ ಅಡ್ಡ ಬಂದ. ಜಂಬಯ್ಯನಿಗೆ ಗೊತ್ತಿಲ್ಲದ ವಿಷಯ ನಿಟ್ಟುವಳ್ಳಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಬಾಯಿ ಮುಕ್ಕಳಿಸಿ, ಕಾರಿನ ಹೊಟ್ಟೆಗೆ ಕಿವಿ ಹಚ್ಚಿದ.

"ಕೀಲು ಸವೆದೈತೆ ಕಣೋ ಉಚ್ಚೆಂಗಿ. ನಮ್ಮ ಗಾಡಿ ಎತ್ತಿಗೂ ಹಿಂಗೇ ಆಗಿತ್ತು."

"ಎತ್ತು ಏನಾತು ಮತ್ತೆ?"

"ಸತ್ತು ಹೋತು. ಅದು ಬಿಡು, ನಡಿ ರಜಾಕನ ಹತ್ರ." ಕರೆಯದಿದ್ದರೂ ಮುಂದಿನ ಸೀಟು ಹತ್ತಿ ಕೂತ.

ರಜಾಕ್ ಸಾಬ್‌ನ ಗ್ಯಾರೇಜು ಎಂದರೆ ಊರ ಹೊರಗಿನ ಹುಣಸೇಮರ ಮತ್ತು ಅದರ ನೆರಳು. ಅವನು ಸ್ಕ್ರೂಡ್ರೈವರಿನ ತುದಿಯನ್ನು ಕಾರಿಗೂ ಹಿಡಿಯನ್ನು ಕಿವಿಗೂ ಇಟ್ಟು, ನಾಡಿ ನೋಡುವ ಹಕೀಮನಂತೆ ಕಣ್ಣು ಮುಚ್ಚಿದ.

"ನಿಂತಾಗ ಥಂಡಾ ಐತಿ. ಓಡಿದ್ರೆ ಬಡಕೊಂತೈತಿ. ಸೈಲೆನ್ಸರೇ ಇರಬೇಕು, ಅಣ್ಣ."

ಸೈಲೆನ್ಸರು ಬಿಚ್ಚಿ ಕಟ್ಟಿದರು. ಲೊಟಕ್. ಹಿಂದಿನ ಚಕ್ರ ಬಿಚ್ಚಿ ಕಟ್ಟಿದರು. ಲೊಟಕ್. ಕಮಾನುಪಟ್ಟಿಗೆ ಎಣ್ಣೆ ಕುಡಿಸಿದರು. ಎಣ್ಣೆ ಕುಡಿದ ಉತ್ಸಾಹಕ್ಕೆ ಢಣ್ ಇನ್ನಷ್ಟು ಜೋರಾಯಿತು. ದಾರಿಯಲ್ಲಿ ಹೋಗುವವರೆಲ್ಲ ನಿಂತು ಒಂದೊಂದು ರೋಗದ ಹೆಸರು ಹೇಳಿ ಹೋದರು. ಒಬ್ಬ ಅಜ್ಜ ಮಾತ್ರ, "ಗಾಡಿಗೆ ದೃಷ್ಟಿ ತೆಗೀರಪ್ಪ" ಅಂದ.

ಹತ್ತೂವರೆಗೆ ರಂಗವ್ವನೇ ಬುತ್ತಿಗಂಟು ಹಿಡಿದು ಬಂದಳು. ಹೋಗುವ ಗಡಿಬಿಡಿಯಲ್ಲಿ ಉಚ್ಚೆಂಗಪ್ಪ ಅದನ್ನು ಮನೆಯ ಕಟ್ಟೆಯ ಮೇಲೇ ಮರೆತಿದ್ದ.

"ಇನ್ನಾ ಇಲ್ಲೇ ಅದೀರಾ? ನನ್ನ ಮಗಳು ಅಲ್ಲಿ ದಾರಿ ಕಾಯ್ತಿರ್ತಾಳೆ!"

"ಗಾಡಿ ಹತ್ತಕ್ಕ, ಒಂದು ಸುತ್ತು ಹೊಡೆದು ನೋಡಾಣ" ಅಂದ ರಜಾಕ್.

ರಂಗವ್ವ ಹಿಂದೆ, ಎಡಗಡೆ ಕೂತಳು. ಕಾರು ಹೊರಟಿತು. ಸದ್ದಿಲ್ಲ! ಹೊಂಡಕ್ಕೆ ಇಳಿಸಿದರು, ಕಲ್ಲು ಹತ್ತಿಸಿದರು, ಸದ್ದಿಲ್ಲ. ಅವಳನ್ನು ಇಳಿಸಿ ಓಡಿಸಿದರೆ, ಲೊಟಕ್ ಲೊಟಕ್ ಢಣ್! ಮತ್ತೆ ಹತ್ತಿಸಿದರೆ ಗಪ್‌ಚುಪ್.

ರಜಾಕ್ ತಲೆ ಕೆರೆದುಕೊಂಡ. "ಅಕ್ಕ ಕೂತ್ರೆ ಗಾಡಿ ಸುಮ್ಮನಾಗ್ತೈತಿ."

"ನಾನೂ ಹಂಗೇ ಕಣಪ್ಪ, ಮೂವತ್ತು ವರ್ಷದಿಂದ" ಅಂದ ಉಚ್ಚೆಂಗಪ್ಪ.

"ಅಂದ್ರೆ ಸೀಟಿನ ಕೆಳಗೇ ಏನೋ ಐತಿ. ಎತ್ತಿ ನೋಡಾಣ."

"ಸೀಟು ಎತ್ತಬ್ಯಾಡ್ರಿ!" ರಂಗವ್ವ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಮುಖ ಕೆಂಪಾಯಿತು. "ಆ ಸೀಟಿನಾಗ ಏನೂ ಇಲ್ಲ. ಹೊತ್ತಾತು, ಹೊರಡ್ರಿ ಅಂದ್ರೆ!"

"ಹಂಗಾರೆ ನೀನೇ ಬಾ, ಹರಿಹರದವರೆಗೂ ಕೂತ್ಕೊ."

"ನಾನು ಬಂದ್ರೆ ಬಾಗಿಲಾಗ ನಿಂತು ಆರತಿ ಎತ್ತೋರು ಯಾರು? ಹೋಳಿಗೆ ಹೂರಣ ಒಲೆ ಮೇಲೈತೆ."

ಜಂಬಯ್ಯ ಗಂಟಲು ಸರಿಮಾಡಿಕೊಂಡ. "ಗಾಡಿ ಕೇಳ್ತಿರೋದು ಭಾರ. ಮಂಡಕ್ಕಿ ಚೀಲ ಹೇರಿದ್ರೆ ಆಗಾಂಗಿಲ್ಲ, ನೋಡಾಕೆ ಆನೆ, ಎತ್ತಿದ್ರೆ ಬೆಕ್ಕು. ಮನುಷ್ಯನೇ ಆಗ್ಬೇಕು. ನಾನು ಬರ್ತೀನಿ. ನೆರೆಯವನಾಗಿ ಅಷ್ಟೂ ಮಾಡದಿದ್ರೆ ಹೆಂಗೆ?"

ಜಂಬಯ್ಯನ ಒಳ್ಳೆಯತನಕ್ಕೆ ಉಚ್ಚೆಂಗಪ್ಪನ ಕಣ್ಣು ತುಂಬಿ ಬಂತು. ಬಿಚ್ಚಿದ್ದನ್ನೆಲ್ಲ ಮತ್ತೆ ಬಿಗಿದು ಹೊರಟಾಗ ಹನ್ನೆರಡು ಗಂಟೆ. ಜಂಬಯ್ಯ ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಬುತ್ತಿಗಂಟು ಬಿಚ್ಚಿ, ಬೀಗರಿಗೆಂದು ಕಟ್ಟಿದ್ದ ಕರ್ಜಿಕಾಯಿಯ ರುಚಿ ನೋಡುತ್ತಾ ಬಂದ. "ಭಾರ ಕಡಿಮಿ ಆಗಬಾರದಲ್ಲ!" ಕಾರು ನಿಜಕ್ಕೂ ತುಟಿ ಪಿಟಕ್ಕೆನ್ನಲಿಲ್ಲ.

ಹರಿಹರದ ಮೊದಲ ಮನೆಗಳು ಕಂಡವು. "ನಿಲ್ಸು, ನಿಲ್ಸು" ಅಂದ ಜಂಬಯ್ಯ. ಇಳಿದು ಧೋತರ ಕೊಡವಿಕೊಂಡ. "ನಮ್ಮ ಷಡ್ಡಕನ ಮನೆ ಇಲ್ಲೇ. ಎರಡು ತಿಂಗಳಿಂದ ಬಾ ಬಾ ಅಂತಿದ್ದ. ಬಸ್ಸಿನಾಗ ಬರಾಕೆ ಬ್ಯಾಸರ ಆಗಿತ್ತು. ನೀನು ಹೊಂಡು, ನಿನಗೆ ಹೊತ್ತಾಗ್ತೈತೆ."

ಉಚ್ಚೆಂಗಪ್ಪ ಬಾಯಿ ತೆರೆಯುವುದರೊಳಗೆ ಅವನು ಸಂದಿಯಲ್ಲಿ ಮಾಯ. ಕಾರು ಹತ್ತು ಮಾರು ಹೋಯಿತು. ಲೊಟಕ್ ಢಣ್!

ಇನ್ನೆರಡು ಫರ್ಲಾಂಗು ಹೋದರೆ ನಾಗಕ್ಕನ ಕಿವಿ. ಉಚ್ಚೆಂಗಪ್ಪ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, 'ಸೀಟು ಎತ್ತಬ್ಯಾಡ್ರಿ' ಎಂದ ಹೆಂಡತಿಯ ಕೆಂಪು ಮುಖ ನೆನೆದು, ಸೀಟು ಎತ್ತಿಯೇ ಬಿಟ್ಟ.

ಕೆಳಗೆ, ತಗಡಿನ ಗುಂಡಿಯಲ್ಲಿ, ಕೆಂಪು ವಸ್ತ್ರದ ಗಂಟು. ವಸ್ತ್ರ ರಂಗವ್ವನ ಮದುವೆ ಸೀರೆಯ ಸೆರಗಿನದು. ಒಳಗೆ ಅರಿಸಿನ ಹಚ್ಚಿದ ತೆಂಗಿನಕಾಯಿ. ನಾಲ್ಕು ತಿಂಗಳ ಬಿಸಿಲಿಗೆ ನೀರು ಬತ್ತಿ, ಒಳಗಿನ ಕೊಬ್ಬರಿ ಗಿಟುಕಾಗಿ ಚಿಪ್ಪು ಬಿಟ್ಟಿತ್ತು. ಅಲುಗಿಸಿದ: ಲೊಟಕ್. ತಗಡಿಗೆ ತಾಗಿಸಿದ: ಢಣ್. ಮೇಲೆ ಯಾರಾದರೂ ಕೂತರೆ ಸೀಟಿನ ಸ್ಪ್ರಿಂಗು ಅದನ್ನು ಒತ್ತಿ ಹಿಡಿಯುತ್ತಿತ್ತು, ಅಷ್ಟೇ.

ಮಗಳು ಬಸುರಿ ಎಂಬ ಸುದ್ದಿ ಬಂದ ವಾರವೇ, ಅವಳನ್ನು ಕರೆತರುವ ಗಾಡಿಯಲ್ಲೇ, ಉಚ್ಚಂಗೆಮ್ಮನಿಗೆ ಹರಕೆ ಕಟ್ಟಿದ್ದಾಳೆ ಪುಣ್ಯಾತ್ಗಿತ್ತಿ! ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕಾಯಿಯನ್ನು ಕಣ್ಣಿಗೊತ್ತಿಕೊಂಡು, ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಹೊರಟ.

ಆಹಾ, ಆ ಕಾರು ಎಷ್ಟು ಮೆತ್ತಗೆ ಓಡಿತು! ಮೊದಲೆಲ್ಲ ಅದರ ಸದ್ದಿಗೆ ಜಟಕಾ ಕುದುರೆಗಳು ಎರಡು ಕಾಲಿನ ಮೇಲೆ ನಿಲ್ಲುತ್ತಿದ್ದವು. ಇಂದು ಎದುರಿಗೆ ಪರದೆ ಬಿಟ್ಟ ಜಟಕಾವೊಂದು ಬಂದರೆ, ಕುದುರೆ ಕಿವಿ ಸಹ ನಿಮಿರಿಸಲಿಲ್ಲ. ಉಚ್ಚೆಂಗಪ್ಪ ದೊಡ್ಡ ಮನುಷ್ಯನಂತೆ ಕೈ ಬೀಸಿ ಜಟಕಾಕ್ಕೆ ದಾರಿ ಬಿಟ್ಟ. ನಾಗಕ್ಕನ ಬಾಗಿಲಿನೆದುರು ಕಾರು ನಿಂತಾಗ ಗಂಟೆ ಒಂದಕ್ಕೆ ಐದು ನಿಮಿಷ.

ಬಾಗಿಲಿಗೆ ಬೀಗ.

ಎದುರುಮನೆಯ ಖುರ್ಷೀದಾ ಹೊರಗೆ ಬಂದು ಕಾರನ್ನು ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಯಾ ಅಲ್ಲಾ! ಅಣ್ಣಾರೆ, ಯಾವಾಗ ಬಂದ್ರಿ? ಸಪ್ಪಳಾನೇ ಇಲ್ಲ?"

"ಇಲ್ಲಮ್ಮ!" ಅವನು ಬೀಗಿದ. "ಎಲ್ಲಿ ಎಲ್ಲಾರೂ?"

"ಅಯ್ಯೋ, ಈಗ ಹೋದ್ರಲ್ಲ! ಬೆಳಿಗ್ಗಿಂದ ನಾಗಕ್ಕ ಕಿವಿ ನಿಗುರಿಸ್ಕೊಂಡು ಕೂತಿದ್ರು. ನಿಮ್ಮ ಕಾರು ಪ್ಯಾಟೀಗೆ ಬಂದ್ರೆ ಇಲ್ಲಿಗೆ ಕೇಳ್ತಿತ್ತು, ಆಮೇಲೆ ಚಾಕ್ಕೆ ನೀರು ಇಡೋರು. ಇವತ್ತು ಹನ್ನೆರಡೂವರೆ ಆದ್ರೂ ಸಪ್ಪಳ ಇಲ್ಲ. 'ಬೀಗ್ರ ಗಾಡಿ ದಾರ್‍ಯಾಗೇ ಕೆಟ್ಟೈತೆ, ದಿನ ತಪ್ಪಿಸಬಾರದು' ಅಂತ ಸೊಸೀನ ಪರದೆ ಜಟಕಾದಾಗ ಬಸ್ಸಿಗೆ ಕರ್ಕೊಂಡು ಹೋದ್ರು. ನಿಮಗೆ ಎದುರಾಗಿರಬೇಕಲ್ಲ?"

ಉಚ್ಚೆಂಗಪ್ಪ ಕಾರಿನ ಮೆಟ್ಟಿಲ ಮೇಲೆ ಕೂತುಬಿಟ್ಟ.

ಅವನು ಬಸ್‌ಸ್ಟ್ಯಾಂಡಿಗೆ ಹೋದಾಗ ಬಸ್ಸಿರಲಿಲ್ಲ. ನಿಟ್ಟುವಳ್ಳಿಗೆ ಬಂದಾಗ ಆರತಿ ಮುಗಿದಿತ್ತು. ಮಗಳು ಅವ್ವನ ತೊಡೆಗೆ ಒರಗಿ ಹೋಳಿಗೆ ತಿನ್ನುತ್ತಿದ್ದಳು. ಸದ್ಯ, ಬಂದಳಲ್ಲ ಎಂದು ಅವನ ಎದೆ ಹಗುರಾಯಿತು. ನಾಗಕ್ಕ ಕುರ್ಚಿಯ ಮೇಲೆ ಕೂತಿದ್ದಳು.

"ಬಂದ್ರಾ ಬೀಗ್ರೆ? ಮಗಳನ್ನ ಕರಿಯಾಕೆ ಹೋಗಿ ಮಗಳಿಗಿಂತ ಹಿಂದೆ ಬಂದ ಅಪ್ಪನ್ನ ಇವತ್ತೇ ನೋಡಿದ್ದು."

ರಂಗವ್ವನ ಕಣ್ಣು ಮಾತ್ರ ಗಂಡನ ಟವೆಲಿನ ಮೇಲೆ. ಅವನನ್ನು ಅಡಿಗೆಮನೆಗೆ ಎಳೆದೊಯ್ದಳು.

"ಕೈ ಹಚ್ಚಿದ್ರಾ? ಕೂಸು ಅಳೋವರೆಗೂ ಹರಕೆ ಕಾಯಿ ಅಲುಗಬಾರದು ಅಂತ ನಮ್ಮ ತವರಿನ ಪದ್ಧತಿ! ಯಾರಿಗೂ ಹೇಳಲೂಬಾರದು."

"ಅಲುಗಬಾರದಾ? ನಾಲ್ಕು ತಿಂಗಳಿಂದ ಅಲುಗ್ತಿರೋದು ಅದೊಂದೇ ಅಲ್ವೇನೆ!"

ರಂಗವ್ವ ಕೇಳಲಿಲ್ಲ. ಅಟ್ಟದಿಂದ ಇನ್ನೊಂದು ಒಣಗಾಯಿ ಇಳಿಸಿ, ತಪ್ಪುಕಾಣಿಕೆ ಎಂದು ಅದಕ್ಕೂ ಅರಿಸಿನ ಹಚ್ಚಿ, ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಸೀಟಿನ ಕೆಳಗೆ ಇಟ್ಟು ಕೈಮುಗಿದು ಬಂದಳು. ಅವಳ ಕಣ್ಣಲ್ಲಿ ನೀರು ಕಂಡು ಅವನೂ ಕಾರಿನ ಕಡೆಗೆ ಕೈಮುಗಿದ.

"ಬೀಗ್ರೆ," ನಾಗಕ್ಕ ಎದ್ದಳು, "ಬಸ್ಸಿನಾಗ ಸೊಂಟ ಮುರೀತು. ನನ್ನನ್ನ ಕಾರಿನಾಗೇ ಬಿಟ್ಟು ಬರ್ರಿ."

ಉಚ್ಚೆಂಗಪ್ಪ ಓಡಿ ಹೋಗಿ ಹಿಂದಿನ ಬಾಗಿಲು ತೆರೆದ. "ಇಲ್ಲಿ ಕೂಡ್ರಿ ಅಕ್ಕಾರೆ, ಎಡಗಡೆ. ಬಾಳ ಮೆತ್ತಗೈತೆ."

"ಹಿಂದೆ ಕೂತ್ರೆ ನನಗೆ ಹೊಟ್ಟೆ ತೊಳಸ್ತೈತೆ" ಎಂದು ನಾಗಕ್ಕ ಮುಂದೆ ಕೂತಳು.

ಲೊಟಕ್ ಲೊಟಕ್, ಢಣ್ ಢಣ್! ಎರಡು ಕಾಯಿ ಜಗಳಕ್ಕೆ ಬಿದ್ದಿದ್ದವು. ಹರಿಹರದವರೆಗೆ ಅವನು ರಸ್ತೆ ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಕಾರು ನಿಂತಾಗ ಖುರ್ಷೀದಾ ಆಗಲೇ ಎರಡು ಲೋಟ ಚಹಾ ಹಿಡಿದು ಕಟ್ಟೆಯ ಮೇಲೆ ನಿಂತಿದ್ದಳು. "ನೀವು ಅತ್ಲಾಗೆ ಹೋದ ಮ್ಯಾಲೆ ಅಣ್ಣಾರು ಸಪ್ಪಳಾನೇ ಇಲ್ದಂಗೆ ಬಂದಿದ್ರು ಅಕ್ಕ, ಈಗ ಪ್ಯಾಟಿಯಿಂದಾನೇ ಕೇಳ್ತು" ಅಂದಳು.

ನಾಗಕ್ಕ ಇಳಿದು, ಓಣಿಗೆಲ್ಲ ಕೇಳುವಂತೆ, "ಇದರಾಗ ಹುಡುಗಿನ ಕಳಿಸಿದ್ದಿದ್ರೆ ಏನಾಗ್ತಿತ್ತು ನೋಡ್ರಿ!" ಅಂದಳು. ಆಮೇಲೆ ಕಿಟಕಿಗೆ ಬಗ್ಗಿ ದನಿ ತಗ್ಗಿಸಿದಳು.

"ಆದ್ರೆ ಬೀಗ್ರೆ, ಈ ಸಪ್ಪಳ ಮಾತ್ರ ರಿಪೇರಿ ಮಾಡಿಸಬ್ಯಾಡ್ರಿ. ಇವತ್ತು ಇದಿಲ್ದಕ್ಕೇ ನೋಡ್ರಿ, ಎಷ್ಟು ಫಜೀತಿ ಆತು!"