ಎದ್ದು ಹೋದ ಬಿಂದು

ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರವೇ ಸರಳರೇಖೆ ಎಂದು ಇಪ್ಪತ್ತೆರಡು ವರ್ಷಗಳಿಂದ ಅಥಣಿಯ ಮಕ್ಕಳಿಗೆ ಹೇಳಿಕೊಡುತ್ತ ಬಂದಿದ್ದೇನೆ. ಆದರೆ ನಾನು ಒಂದು ದಿನವೂ ನೆಟ್ಟಗೆ ನಡೆದವನಲ್ಲ. ಮನೆಯಿಂದ ಶಾಲೆಗೆ ಆರು ನಿಮಿಷದ ದಾರಿ; ನನಗೆ ಇಪ್ಪತ್ತು ಬೇಕು. ಯಾರಾದರೂ "ಬರ್ರಿ ಸರ, ಚಾ ಕುಡ್ಯೂಣು" ಎಂದರೆ ಅತ್ತ ಬಾಗುತ್ತೇನೆ. ಮಗನ ಅಂಕ ಕೇಳುವ ತಂದೆ ಎದುರಾದರೆ ಇತ್ತ ಬಾಗುತ್ತೇನೆ. ಹಲಗೆಯ ಮೇಲೂ ಅಷ್ಟೇ. ಮರದ ಸ್ಕೇಲ್ ಇಲ್ಲದಿದ್ದರೆ ನನ್ನ ಗೆರೆ ಕೊನೆಗೆ ಬರುವಷ್ಟರಲ್ಲಿ ತುಸು ತಲೆ ಎತ್ತಿರುತ್ತದೆ. ಈ ಗುಟ್ಟು ಶಾಲೆಯ ಗೋಡೆ ದಾಟಿರಲಿಲ್ಲ. ಬಯಲಾದದ್ದು ನಮ್ಮ ತಾಲೂಕಿನದೇ ಆದ ಅನಂತಪುರದಲ್ಲಿ, ಬಸ್ಸು ಓಡಾಡುವ ರಸ್ತೆಗೆ ಹತ್ತಿದಂತೆಯೇ ಇರುವ ಮಾವನವರ ಹೊಲದಲ್ಲಿ.

ಕಳೆದ ಹಿಂಗಾರಿಯಲ್ಲಿ ಜೋಳ ಬಿತ್ತುವ ದಿನ. ಊರೆಲ್ಲ ಟ್ರ್ಯಾಕ್ಟರಿನಲ್ಲಿ ಬಿತ್ತಿದರೂ ಮಾವನವರಿಗೆ ಎತ್ತು, ಕೂರಿಗೆಯೇ ಆಗಬೇಕು. ಅವರ ಸಾಲೆಂದರೆ ದಾರ ಹಿಡಿದಂತೆ. ಹೊಗಳಿ ಸುಮ್ಮನಿರುವುದು ಬಿಟ್ಟು ನಾನು, ಇದರಲ್ಲೇನಿದೆ, ಎರಡು ಬಿಂದು ಗೊತ್ತಿದ್ದರೆ ಸಾಕು ಎಂದುಬಿಟ್ಟೆ. ಅವರು ಕೂರಿಗೆಯನ್ನು ನನ್ನ ಕೈಗೆ ಕೊಟ್ಟರು. ಕೂರಿಗೆಯ ಬಟ್ಟಲಿಗೆ ಕಾಳು ಬಿಡಲು ಹೆಂಡತಿ ಹಿಂದೆ ನಿಂತಳು. ಮೊದಲ ಸಾಲು ಹೇಗೋ ಉಳಿದವೂ ಹಾಗೆ ಎಂದು ಎಚ್ಚರಿಸಿ ಮಾವನವರು, "ಅಳ್ಯಾರ, ಎತ್ತಿನ ಕಡೆ ನೋಡಬ್ಯಾಡ್ರಿ. ಆಚಿ ಬದುವಿನ ಮ್ಯಾಗ ಒಂದ ಗುರತ ಹಿಡದ ನಡೀರಿ" ಎಂದರು.

ಹಿಡಿದೆ. ಆಚೆ ಬದುವಿನ ಮೇಲೆ ಕರ್ರಗೆ, ದುಂಡಗೆ, ಬಿಂದುವೆಂದರೆ ಹೀಗಿರಬೇಕು ಎನ್ನುವಂಥದು ಕಾಣಿಸಿತು: ಮಲಗಿದ್ದ ಎಮ್ಮೆ. ಅದರ ಮೇಲಿನ ಕಣ್ಣು ಕೀಳದೆ ನಡೆದೆ. ಅರ್ಧ ಹೊಲ ದಾಟುವ ಹೊತ್ತಿಗೆ ಅದು ಎದ್ದು, ಮೇಯುತ್ತ ಮೇಯುತ್ತ ಎಡಕ್ಕೆ ಹೊರಟಿತು. ಎಷ್ಟು ನಿಧಾನವೆಂದರೆ ನನಗೆ ಗೊತ್ತೇ ಆಗಲಿಲ್ಲ. ಬದು ಮುಟ್ಟಿ ತಿರುಗಿ ನೋಡಿದರೆ ನನ್ನ ಸರಳರೇಖೆ ಕುಡುಗೋಲಿನಂತೆ ಬಾಗಿತ್ತು. ಯಾಕೆ ಹೇಳಲಿಲ್ಲವೆಂದು ಹೆಂಡತಿಯ ಮೇಲೆ ರೇಗಿದೆ. "ಗಣಿತದ ಮಾಸ್ತರ್ರು, ಏನರ ಲೆಕ್ಕಾ ಇರಬೇಕ ಅನಕೊಂಡ್ನಿ" ಎಂದಳು.

ಅಳಿಸೋಣವೆಂದರೆ ಅದು ಹಲಗೆಯಲ್ಲ, ಕಾಳು ಮಣ್ಣು ಸೇರಿಯಾಗಿತ್ತು. ಮಾವನವರು ನನ್ನ ಸಾಲು ನೋಡಿದರು, ರಸ್ತೆ ನೋಡಿದರು, ಕೂರಿಗೆ ಹಿಡಿದರು. ನಲವತ್ತು ವರ್ಷ ನೆಟ್ಟಗೆ ಬಿತ್ತಿದ ಮನುಷ್ಯ ಸಂಜೆಯವರೆಗೆ ನನ್ನ ಸೊಟ್ಟ ಸಾಲಿನ ಪಕ್ಕ ಸೊಟ್ಟ ಸಾಲುಗಳನ್ನೇ ಎಳೆಯುತ್ತ ಹೋದರು. ಮುಂದಿನ ಸಾಲಿನಿಂದಾದರೂ ನೆಟ್ಟಗೆ ಮಾಡಿಕೊಳ್ಳಬಹುದಿತ್ತಲ್ಲ, ಯಾಕೆ ಹೀಗೆ ಎಂದು ಕೇಳಿದೆ.

"ನಿಮ್ಮದೊಂದ ಸೊಟ್ಟ ಇದ್ರ ಮಂದಿ ಅಳಿಯಗ ನಗತಾರ. ಎಲ್ಲಾ ಸೊಟ್ಟ ಇದ್ರ ಹೊಲಾನ ಹಂಗ ಐತಿ ಅಂತಾರ" ಎಂದರು.

ಜೋಳ ಮೊಳೆತ ಮೇಲೆ ಬಸ್ಸಿನ ಜನ ಹೊಲವೇ ಹಾಗೆಂದು ನಂಬಿದರೋ ಏನೋ. ಮಾವನವರಂತೂ ಬಾಯಿ ಬಿಡಲಿಲ್ಲ. ಬಿಟ್ಟವಳು ನನ್ನ ಹೆಂಡತಿ, ತವರಿನ ಓಣಿಯಲ್ಲಿ. ಆ ಓಣಿಯಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ನನ್ನ ತರಗತಿಯಲ್ಲೇ ಇದ್ದಾಳೆ. ಮೊನ್ನೆ ಸ್ಕೇಲ್ ಸಿಗದೆ ಬರಿಗೈಯಲ್ಲೇ ಸರಳರೇಖೆ ಎಳೆದೆ. ಅದು ಎಂದಿನಂತೆ ಕೊನೆಗೆ ತಲೆ ಎತ್ತಿತು. ಹಿಂದಿನಿಂದ ಅವಳ ಬಲು ವಿನಯದ ದನಿ ಬಂತು: "ಸರ, ಎಮ್ಮಿ ಎದ್ದಿತೇನ್ರಿ?"

"ಎದ್ದಿತವಾ" ಎಂದು ಒಪ್ಪಿಕೊಂಡು, ಅಳಿಸಿ, ಉಸಿರು ಬಿಗಿಹಿಡಿದು ಮತ್ತೊಮ್ಮೆ ಎಳೆದೆ. ಈ ಸಲ ಎಮ್ಮೆ ಮಲಗಿತು.