ಫ್ಯೂಸು ಹಿಡಿದು ಸ್ನಾನ

ನನ್ನ ಸೋದರಮಾವನಷ್ಟು ಕರೆಂಟಿಗೆ ಹೆದರುವ ಎಲೆಕ್ಟ್ರಿಷಿಯನ್ನು ಈ ಭೂಮಿಯ ಮೇಲೆ ಇನ್ನೊಬ್ಬ ಹುಟ್ಟಿಲ್ಲ. ಬೇಕಾದರೆ ಬಾಜಿ ಕಟ್ಟುತ್ತೇನೆ! ಪೀಣ್ಯದ ಕಾರ್ಖಾನೆಯಲ್ಲಿ ಆನೆಯಂಥ ಮೋಟಾರುಗಳನ್ನು ಪಳಗಿಸುವ ಮನುಷ್ಯ, ಮನೆಯಲ್ಲಿ ಒಂದು ಬಲ್ಬು ಬದಲಿಸಬೇಕಾದರೆ ಮೇನ್ ಸ್ವಿಚ್ಚು ಆರಿಸಿ, ರಬ್ಬರ್ ಚಪ್ಪಲಿ ಮೆಟ್ಟಿ, ಮರದ ಸ್ಟೂಲು ಹತ್ತಿ ನಿಲ್ಲುತ್ತಿದ್ದರು. ಬಲ್ಬಿಗೆ ಕೈಮುಗಿಯುವುದೊಂದು ಬಾಕಿ. ಎಂಬತ್ತರ ದಶಕದ ಶುರುವಿನಲ್ಲಿ ನಾನು ಅಲ್ಲೇ ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸಕ್ಕೆ ಸೇರಿ ಅವರ ಮನೆಯಲ್ಲಿದ್ದೆ. ಆದ್ದರಿಂದ ಇದೆಲ್ಲ ಕಣ್ಣಾರೆ ಕಂಡದ್ದು.

ಇಂಥವರು ನೀರು ಕಾಯಿಸಲು ಕರೆಂಟು ಎಳೆಯಹೊರಟರೆ ಹೇಗಿರುತ್ತದೆ? ಅತ್ತೆಗೆ ವಿಪರೀತ ಮಂಡಿನೋವು. ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾರರು. ಡಾಕ್ಟರು, "ದಿನಾ ಅರ್ಧ ಗಂಟೆ ಸೊಂಟದವರೆಗೆ ಬಿಸಿನೀರಲ್ಲಿ ಕೂತು ಕಾಲಾಡಿಸಿ. ಇಲ್ಲಾಂದ್ರೆ ಮಂಡಿ ಹೀಗೇ ಬಿಗಿದ್ಬಿಡುತ್ತೆ" ಎಂದು ಹೆದರಿಸಿದರು. ಮಾವ ಅಂದೇ ಸಾರಿದರು: "ಮನೇಲೇ ತೊಟ್ಟಿ ಕಟ್ಟಿಸ್ತೀನಿ. ಕರೆಂಟಲ್ಲಿ ಕಾಯೋ ತೊಟ್ಟಿ!"

ಗಾರೆಯವರು ನಾಲ್ಕೇ ದಿನದಲ್ಲಿ ತೊಟ್ಟಿ ಕಟ್ಟಿ ಹೋದರು. ಒಳಗೆ ಕೂರಲು ಮೆಟ್ಟಿಲು, ನುಣ್ಣನೆಯ ಕೆಂಪು ಗಾರೆ, ನೋಡಿದರೆ ನನಗೇ ಇಳಿಯುವ ಆಸೆ. ಆದರೆ ಅದಕ್ಕೆ ಕರೆಂಟು ಬರಲು ಮೂರು ತಿಂಗಳು ಬೇಕಾಯಿತು. ತಪ್ಪು ವಿದ್ಯುತ್ ಮಂಡಳಿಯದಲ್ಲ, ನೂರಕ್ಕೆ ನೂರು ಮಾವನದೇ.

ಮೊದಲು ಮೇನ್ ಬೋರ್ಡಿನಿಂದ ತೊಟ್ಟಿಗೆಂದೇ ಬೇರೆ ಲೈನು. ವೈರಿನ ಗಾತ್ರ ನೋಡಿ, "ಇದರಲ್ಲಿ ಫ್ಯಾಕ್ಟರೀನೇ ಓಡಿಸಬಹುದಲ್ಲ ಮಾವ?" ಎಂದೆ.

"ಲೇ, ವೈರು ಸಣ್ಣದಾದ್ರೆ ಕಾಯೋದು ನೀರಲ್ಲ, ಗೋಡೆ!"

ಇನ್ನು ಸ್ವಿಚ್ಚು. ಒದ್ದೆ ಕೈಗೆ ನಿಲುಕಬಾರದೆಂದು ಅದು ಬಚ್ಚಲು ದಾಟಿ, ಅಡುಗೆಮನೆ ದಾಟಿ, ಕೊನೆಗೆ ನಡುಮನೆಯಲ್ಲಿ ದೇವರ ಪಟದ ಪಕ್ಕ ನೆಲೆಸಿತು. ಬಂದವರು ಪಟಕ್ಕೆ ಕೈಮುಗಿದರೆ ಅರ್ಧ ನಮಸ್ಕಾರ ಸ್ವಿಚ್ಚಿನ ಪಾಲು!

ಆಮೇಲೆ ಅರ್ಥಿಂಗ್. ಹಿತ್ತಲಲ್ಲಿ ಆಳುದ್ದದ ಗುಂಡಿ ತೋಡಿಸಿ, ತಾಮ್ರದ ತಗಡು ಇಳಿಸಿ, ಇದ್ದಿಲು, ಉಪ್ಪು ತುಂಬಿಸಿದರು. ಅಷ್ಟು ಉಪ್ಪು ತೂಗುತ್ತ ಅಂಗಡಿಯವನು, "ಯಾರ ಮದುವೆಗೆ ಸಾರ್ ಉಪ್ಪಿನಕಾಯಿ?" ಎಂದನಂತೆ. ಗುಂಡಿಯ ಮೇಲೊಂದು ಪುಟ್ಟ ಕಟ್ಟೆ, ನಡುವೆ ಕೊಳವೆ. ಕರೆಂಟು ದಾರಿ ತಪ್ಪಿದರೆ ಮನುಷ್ಯರ ಮೈಮೇಲೆ ಹರಿಯದೆ ಮಣ್ಣಿಗಿಳಿಯಬೇಕು, ಅದಕ್ಕೆ ಆ ಮಣ್ಣು ಒಣಗಬಾರದು ಎಂದು ಮಾವ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಕೊಳವೆಗೆ ಒಂದು ಚೊಂಬು ನೀರು ಹೊಯ್ಯತೊಡಗಿದರು. ಹದಿನೈದು ದಿನ ಕಳೆಯುವುದರೊಳಗೆ ನೋಡುತ್ತೇನೆ, ಕಟ್ಟೆಗೆ ಅರಿಶಿನ, ಕುಂಕುಮ, ಎರಡು ಕನಕಾಂಬರ! ಪಕ್ಕದ ಮನೆಯ ಅಜ್ಜಿ ಎದುರಿಗೇ ನಿಂತಿದ್ದರು.

"ನಿಮ್ಮಾವ ದಿನಾ ಬರೀ ನೀರಾಕಿ ಓಯ್ತಾರಲ್ಲವ್ವ, ಒಂದು ಊವಾದ್ರೂ ಬ್ಯಾಡ್ವಾ? ಯಾವ ದ್ಯಾವ್ರು ಇದು?"

ಹಿಂದಿನಿಂದ ಬಂದ ಮಾವ ಗಂಭೀರವಾಗಿ, "ಕಾಪಾಡೋ ದೇವರೇ ಅಜ್ಜಿ. ನೀರು ಮಾತ್ರ ತಪ್ಪಿಸಬೇಡಿ" ಎಂದರು. ಅಂದಿನಿಂದ ಅರ್ಥಿಂಗಿಗೆ ದಿನಕ್ಕೆ ಎರಡು ಚೊಂಬು ನೀರು.

ಈ ಸಂಭ್ರಮದ ನಡುವೆ ಅತ್ತೆಯ ಮಂಡಿ ದಿನದಿನಕ್ಕೆ ಬಿಗಿಯುತ್ತಿತ್ತು. ನನಗೆ ಮಾವನ ಮೇಲೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಅಂತೂ ನೀರು ಕಾಯಿತು. ಈಗ ಹೊಸ ಕಾನೂನು. ಕಾರ್ಖಾನೆಯಲ್ಲಿ ಮೆಷೀನಿನೊಳಗೆ ಇಳಿಯುವವನು ಅದರ ಫ್ಯೂಸು ಕಿತ್ತು ಜೇಬಿನಲ್ಲಿಟ್ಟುಕೊಳ್ಳುತ್ತಾನೆ, ಹೊರಗಿನವರು ಮರೆತು ಸ್ವಿಚ್ಚು ಹಾಕಿದರೂ ಅಪಾಯವಿಲ್ಲ. ಮನೆಯಲ್ಲೂ ಹಾಗೇ! ನೀರು ಕಾದ ಮೇಲೆ ಮಾವ ಸ್ವಿಚ್ಚು ಆರಿಸಿ, ಫ್ಯೂಸು ಕಿತ್ತು, ಟೆಸ್ಟರ್ ಹಿಡಿದು ನೋಡಿ, ಆ ಪಿಂಗಾಣಿ ಫ್ಯೂಸನ್ನು ಅತ್ತೆಯ ಕೈಗೆ ಕೊಡುವರು. ಅತ್ತೆ ಅದನ್ನು ಮುಷ್ಟಿಯಲ್ಲಿ ಹಿಡಿದು ನೀರಿಗಿಳಿಯುವರು. ತೊಟ್ಟಿಯ ಫ್ಯೂಸೊಂದೇ ಸಾಲದೆಂದು ಇಡೀ ಮನೆಯದನ್ನೂ ಕಿತ್ತು ಕೊಡುತ್ತಿದ್ದರು. ರೇಡಿಯೋ ನಾಟಕದಲ್ಲಿ ಕೊಲೆಗಾರ ಯಾರೆಂದು ಹೇಳುವ ಹೊತ್ತಿಗೆ ಸರಿಯಾಗಿ ಅತ್ತೆಯ ಸ್ನಾನ. ಯಾರು ಕೊಂದರೋ, ನನಗೆ ಇವತ್ತಿಗೂ ಗೊತ್ತಿಲ್ಲ!

ಸುದ್ದಿ ಕಾರ್ಖಾನೆಗೂ ನನ್ನ ಆಫೀಸಿಗೂ ಹಬ್ಬಿತು. "ಏನ್ ಗುರು, ಹೆಂಡ್ತಿ ಸ್ನಾನಕ್ಕೆ ಶಟ್‌ಡೌನ್ ತಗೋತೀಯಂತೆ?" ಎಂದು ಜೊತೆಯವರು ರೇಗಿಸುವರು. ಪುಕ್ಕಲು ಎಲೆಕ್ಟ್ರಿಷಿಯನ್ ಎಂಬ ಬಿರುದೂ ಬಂತು. ಮಾವ ಹಲ್ಲು ಕಿರಿದು ತಮ್ಮ ಮೋಟಾರಿನ ಕಡೆ ತಿರುಗುವರು.

ಆರು ತಿಂಗಳಲ್ಲಿ ಅತ್ತೆ ಗೋಡೆ ಬಿಟ್ಟು ನಡೆಯತೊಡಗಿದರು. ಒಂದು ಸಂಜೆ ಅವರ ಬೆನ್ನುಜ್ಜುತ್ತ ನಗುನಗುತ್ತಲೇ ಕೇಳಿದೆ: "ಅಲ್ಲ ಅತ್ತೆ, ಮಾವ ಯಾಕಿಷ್ಟು ಪುಕ್ಕಲು?"

ಅತ್ತೆ ನಗಲಿಲ್ಲ.

"ಪುಕ್ಕಲು ಅವರಲ್ಲ ಕಣೇ, ನಾನು. ನನ್ನ ತಂಗಿ ಒದ್ದೆ ಕೈಲಿ ಸ್ವಿಚ್ಚು ಮುಟ್ಟಿ ನನ್ನ ಕಣ್ಣೆದುರೇ ಹೋದ್ಲು. ಈ ಮನೆಗೆ ಬಂದ ಹೊಸದರಲ್ಲಿ ಅವರು ಬಲ್ಬು ಮುಟ್ಟಿದ್ರೂ ಕಿರಿಚ್ಕೋತಿದ್ದೆ. ತೊಟ್ಟಿ ಕಟ್ಟಿದಾಗ, ಸತ್ರೂ ಇದರೊಳಗೆ ಇಳಿಯಲ್ಲ ಅಂದೆ. 'ನಿನ್ನ ಭಯ ಹೋಗೋವರೆಗೂ ಏನೇನು ಬೇಕೋ ಮಾಡ್ತೀನಿ, ಎಷ್ಟು ದಿನ ಆದ್ರೂ ಆಗ್ಲಿ' ಅಂದ್ರು. ಜನ ನಗ್ತಾರೆ ಅಂದ್ರೆ, 'ನನ್ನ ನೋಡಿ ನಗ್ಲಿ ಬಿಡು. ನಿನ್ನ ನೋಡಿ ನಗಬಾರದು' ಅಂದ್ಬಿಟ್ರು."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆಯ ಬೆನ್ನ ಹಿಂದೆಯೇ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಮರುದಿನ ಆಫೀಸಿನಲ್ಲಿ ಪಕ್ಕದ ಮೇಜಿನವರು ಎಂದಿನಂತೆ ಕೆಣಕಿದರು: "ಏನಮ್ಮ, ಹೇಗಿದ್ದಾರೆ ನಿಮ್ಮ ಪುಕ್ಕಲು ಮಾವ?"

"ಮಾವ ಒಬ್ಬರೇ ಅಲ್ಲ ಸಾರ್, ನಾನೂ ಪುಕ್ಕಲಿ. ನಮ್ಮ ವಂಶವೇ ಹಾಗೆ" ಎಂದೆ.

ಎಲ್ಲರೂ ಗೊಳ್ಳೆಂದು ನಕ್ಕರು. ನಗಲಿ ಬಿಡಿ.